ಮೊದಲು ಪ್ರಾಯ, ಆಮೇಲೆ ಗಂಡು–ಹೆಣ್ಣು

ಮೇ ತಿಂಗಳ ಬೆಳಿಗ್ಗೆ ಶಿರಸಿ ಕಡೆಯ ಅಡಿಕೆ ತೋಟದಲ್ಲಿ ಮಡಿವಾಳ ಹಕ್ಕಿ ಕಂಡರೆ, ಕಪ್ಪಗಿದ್ದದ್ದು ಗಂಡು, ಬೂದು ಬಣ್ಣದ್ದು ಹೆಣ್ಣು ಎಂದು ತಟ್ಟನೆ ತೀರ್ಮಾನಿಸುತ್ತೇವೆ. ತಪ್ಪಾಗುವುದು ಈ ಅವಸರದಲ್ಲೇ. ಅನೇಕ ಹಾಡುಹಕ್ಕಿಗಳಲ್ಲಿ ಎಳೆಯ ಗಂಡು ತಾಯಿಯನ್ನೇ ಹೋಲುವುದರಿಂದ, ಮೊದಲು ಪ್ರಾಯವನ್ನು ನಿರ್ಧರಿಸಿ, ಅನಂತರವೇ ಲಿಂಗದ ಪ್ರಶ್ನೆಗೆ ಬರಬೇಕು.

ಮೈಗರಿಗಳಿಂದ ಆರಂಭಿಸಿ. ಗೂಡಿನಲ್ಲಿ ಬೇಗಬೇಗನೆ ಬೆಳೆದ ಗರಿಗಳು ಸಡಿಲವಾಗಿ, ನಯವಿಲ್ಲದೆ ಕಾಣುತ್ತವೆ. ಮಡಿವಾಳದ ಮರಿಯ ಎದೆಯಲ್ಲಿ ಕಂದು ಚುಕ್ಕೆಗಳಿರುತ್ತವೆ. ಕೆಮ್ಮೀಸೆ ಪಿಕಳಾರದ ಮರಿಗೆ ಕೆನ್ನೆಯ ಕೆಂಪು, ಅಂದರೆ ಮೀಸೆಯೇ, ಇನ್ನೂ ಬಂದಿರುವುದಿಲ್ಲ. ಬಾಯಿಯ ಮೂಲೆಯಲ್ಲಿ ಹಳದಿ ಅಂಚು ಉಳಿದಿದ್ದರೆ ಸಂಶಯವೇ ಬೇಡ.

ಮುಂದಿನದು ರೆಕ್ಕೆ. ಹಕ್ಕಿಯನ್ನು ಅನುಮತಿಯಿಲ್ಲದೆ ಹಿಡಿಯುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುವುದಿಲ್ಲವಾದ್ದರಿಂದ, ನೆರಳಿನಲ್ಲಿ ತೆಗೆದ ಫೋಟೊವನ್ನು ದೊಡ್ಡದು ಮಾಡಿ ನೋಡುವುದೇ ದಾರಿ. ಹಲವು ಜಾತಿಗಳ ಮರಿಗಳು ಮೊದಲ ಸಲ ಗರಿ ಬದಲಿಸುವಾಗ ಮೈಗರಿಗಳನ್ನೂ ರೆಕ್ಕೆಯಲ್ಲಿ ಹಾರುಗರಿಗಳ ಬುಡವನ್ನು ಮುಚ್ಚುವ ಕೆಲವು ಹೊದಿಕೆ ಗರಿಗಳನ್ನೂ ಮಾತ್ರ ಹೊಸದಾಗಿಸಿಕೊಂಡು, ಹಾರುಗರಿಗಳನ್ನು ಹಾಗೆಯೇ ಉಳಿಸಿಕೊಳ್ಳುತ್ತವೆ. ಹಾಗಾಗಿ ಹೊದಿಕೆ ಗರಿಗಳ ಒಂದೇ ಸಾಲಿನಲ್ಲಿ ಮೈಯ ಕಡೆಯ ಹೊಸವು ಗಾಢವಾಗಿ ಉದ್ದಕ್ಕೆ, ಹೊರಗಿನ ಹಳೆಯವು ಮಾಸಿ ಗಿಡ್ಡಕ್ಕೆ, ಹಲವೊಮ್ಮೆ ತಿಳಿಬಣ್ಣದ ತುದಿಯೊಂದಿಗೆ ಕಾಣುತ್ತವೆ. ಮಳೆಗಾಲಕ್ಕೆ ಮುಂಚೆ ಮಾಡಿನ ಅರ್ಧಕ್ಕೆ ಮಾತ್ರ ಹೊಸ ಹೆಂಚು ಹೊದೆಸಿದ ಹಾಗೆ. ಈ ಗಡಿರೇಖೆ ಸ್ಪಷ್ಟವಾಗಿದ್ದರೆ ಅದು ಬಹುಪಾಲು ಒಂದು ವರ್ಷ ತುಂಬದ ಹಕ್ಕಿ. ಎಳೆಯ ಹಕ್ಕಿಯ ಬಾಲದ ಗರಿಗಳು ಕಿರಿದಾಗಿ ಚೂಪಾಗಿದ್ದರೆ, ಬಲಿತದ್ದರವು ಅಗಲವಾಗಿ ದುಂಡಗಿರುತ್ತವೆ. ಆದರೆ ಸವೆದರೆ ಬಲಿತ ಗರಿಯೂ ಚೂಪಾಗುವುದರಿಂದ ಬಾಲವೊಂದನ್ನೇ ನಾನು ನಂಬುವುದಿಲ್ಲ. ಗುಬ್ಬಚ್ಚಿಯಲ್ಲಿ ಈ ಉಪಾಯ ನಡೆಯದು. ಅದರ ಮರಿ ಮೊದಲ ಸಲವೇ ಎಲ್ಲ ಗರಿಗಳನ್ನೂ ಬದಲಿಸಿಬಿಡುತ್ತದೆ.

ಇನ್ನು ಲಿಂಗ. ಪಿಕಳಾರದಲ್ಲಿ ಗಂಡು–ಹೆಣ್ಣು ಒಂದೇ ಬಣ್ಣವಾದ್ದರಿಂದ ಅಲ್ಲಿ ಗರಿ ಏನನ್ನೂ ಹೇಳದು. ಕಾರವಾರದ ಅಂಗಳದ ದಾಸವಾಳಕ್ಕೆ ಬರುವ ನೇರಳೆ ಸೂರಕ್ಕಿಯ ಗಂಡು, ಮರಿ ಮಾಡುವ ಕಾಲ ಮುಗಿದ ಮೇಲೆ ಹೆಣ್ಣಿನಂತೆ ಹಳದಿಯಾದರೂ, ಗಂಟಲಿನಿಂದ ಎದೆಯ ನಡುವೆ ಇಳಿಯುವ ಕಪ್ಪು ಪಟ್ಟೆ ಅದರ ಗುಟ್ಟನ್ನು ಬಿಟ್ಟುಕೊಡುತ್ತದೆ. ರಾಜಹಕ್ಕಿಯದು ಹೆಚ್ಚು ಕಷ್ಟ: ಬಿಳಿ ಮೈ ಅಥವಾ ಉದ್ದನೆಯ ಬಾಲ ಗಂಡಿನ ಗುರುತೇ ಸರಿ, ಆದರೆ ಎಳೆಯ ಗಂಡಿಗೂ ಕಂದು ಮೈ, ಗಿಡ್ಡ ಬಾಲ. ಅಂಥದ್ದು ಕಂಡಾಗ ಟಿಪ್ಪಣಿಯಲ್ಲಿ ‘ಹೆಣ್ಣು’ ಎಂದು ಬರೆಯದೆ, ‘ಕಂದು, ಗಿಡ್ಡ ಬಾಲ’ ಎಂದಷ್ಟೇ ಬರೆದು ದಿನಾಂಕ ಹಾಕಿ.