ಸರ್ವರ್‌ಗಿಂತ ಮೊದಲು ದೂರಿನ ಪುಸ್ತಕ: ವಿಶ್ವವಿದ್ಯಾಲಯದ ಐಟಿ ಸೇವೆ ಹೊಂದಿಸುವ ಬಗೆ

ತುಮಕೂರು ವಿಶ್ವವಿದ್ಯಾಲಯಕ್ಕೆ ಊರೊಳಗೆ ಬಿ.ಎಚ್. ರಸ್ತೆಯಲ್ಲೊಂದು, ಹೊರಗೆ ಬಿದರಕಟ್ಟೆಯಲ್ಲೊಂದು ಆವರಣ. ಹೀಗೆ ಎರಡು ಕಡೆ ಹಂಚಿಹೋದ ಯಾವುದೇ ಸಂಸ್ಥೆಯಲ್ಲಿ ಐಟಿ ಸೇವೆ ಹೊಂದಿಸುವವರು ಮೊದಲು ದೂರಿಗೆ ಒಂದೇ ಬಾಗಿಲು ಇಡಬೇಕು. ಸಾಮಾನ್ಯವಾಗಿ ಕಚೇರಿಯವರು ಪರಿಚಯದ ಹುಡುಗನಿಗೇ ಫೋನ್ ಮಾಡುತ್ತಾರೆ. ಅವನು ರಜೆ ಹಾಕಿದ ದಿನ ಕೆಲಸ ನಿಂತಿತು. ಒಂದು ಫೋನ್ ನಂಬರ್, ಒಂದು ಇಮೇಲ್, ಪ್ರತಿ ದೂರಿಗೂ ಒಂದು ಕ್ರಮಸಂಖ್ಯೆ ಇರಲಿ. ಜಿಎಲ್‌ಪಿಐ, ಓಎಸ್‌ಟಿಕೆಟ್ ಎಂಬ, ದೂರು ದಾಖಲಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಅವನ್ನು ಹಾಕಿಕೊಳ್ಳುವವರೆಗೆ ಎಕ್ಸೆಲ್ ಶೀಟು ಸಾಕು.

'ನೆಟ್ ಬರ್ತಿಲ್ಲ ಸಾರ್' ಎಂದಷ್ಟೇ ಬರೆದುಕೊಂಡು ಯಾರನ್ನೂ ಕಳಿಸಬೇಡಿ. ಪಕ್ಕದ ಕಂಪ್ಯೂಟರಿಗೂ ಬರುತ್ತಿಲ್ಲವೇ? ಕೇಬಲ್ ಸಿಕ್ಕಿಸಿದ ಜಾಗದಲ್ಲಿ ದೀಪ ಮಿನುಗುತ್ತಿದೆಯೇ? ಐಪಿ ವಿಳಾಸ (ಜಾಲದಲ್ಲಿ ಆ ಯಂತ್ರದ ಸಂಖ್ಯೆ) ಎಷ್ಟರಿಂದ ಶುರುವಾಗುತ್ತದೆ? 169.254 ಎಂದರೆ ಆ ಯಂತ್ರಕ್ಕೆ ಡಿಎಚ್‌ಸಿಪಿಯಿಂದ, ಅಂದರೆ ವಿಳಾಸ ಹಂಚುವ ವ್ಯವಸ್ಥೆಯಿಂದ, ವಿಳಾಸವೇ ಸಿಕ್ಕಿಲ್ಲ. ಹಾಸ್ಟೆಲ್, ಗ್ರಂಥಾಲಯಗಳಲ್ಲಿ ಇದು ಮಾಮೂಲು. ಒಂದು /24 ಜಾಲದಲ್ಲಿ (ಈ ಅಂಕಿ ಜಾಲದ ಗಾತ್ರ ಹೇಳುತ್ತದೆ, ಅಂಕಿ ಇಳಿದಷ್ಟೂ ಜಾಲ ದೊಡ್ಡದು) ಇರುವುದೇ 254 ವಿಳಾಸ. 150 ಮಕ್ಕಳು ಫೋನು, ಲ್ಯಾಪ್‌ಟಾಪ್ ಎರಡನ್ನೂ ತಂದರೆ 300 ಬೇಕು. ವಿಂಡೋಸ್ ಸರ್ವರಿನ ಡಿಎಚ್‌ಸಿಪಿ, ನಾವು ಬದಲಿಸದಿದ್ದರೆ, ಕೊಟ್ಟ ವಿಳಾಸವನ್ನು 8 ದಿನ ಹಿಡಿದಿಡುತ್ತದೆ, ಹುಡುಗ ಊರಿಗೆ ಹೋಗಿದ್ದರೂ. ವೈಫೈಗೆ ಅದನ್ನು 2 ಗಂಟೆಗೆ ಇಳಿಸಿ, ಜಾಲವನ್ನು /22 ಮಾಡಿ. 1022 ವಿಳಾಸ ಸಿಗುತ್ತವೆ.

ಪರೀಕ್ಷಾ ವಿಭಾಗದ ದೂರಿಗೆ ಪರೀಕ್ಷೆಯ ದಿನಗಳಲ್ಲಿ ಸರದಿ ಇಲ್ಲ, ಅದು ಮೊದಲು. ಯುಯುಸಿಎಂಎಸ್ (ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಆನ್‌ಲೈನ್ ಪೋರ್ಟಲ್) ತೆರೆಯುತ್ತಿಲ್ಲ ಎಂದರೆ ಕೇಬಲ್ ಕೀಳುವ ಮುಂಚೆ ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಅಲ್ಲೂ ತೆರೆಯದಿದ್ದರೆ ತೊಂದರೆ ನಮ್ಮ ಜಾಲದ್ದಲ್ಲ. ಹಾಗೆಂದು ಕಾಲೇಜುಗಳಿಗೆ ಒಂದು ಸಂದೇಶ ಹಾಕಿದರೆ ನೂರು ಫೋನ್ ಉಳಿಯುತ್ತವೆ.

ಇಡೀ ಕಟ್ಟಡದ ನೆಟ್ ಒಮ್ಮೆಗೇ ಹೋದರೆ ಮೊದಲು ಮೇಜಿನ ಕೆಳಗೆ ಬಗ್ಗಿ ನೋಡಿ. ಕಸ ಗುಡಿಸುವಾಗ ಕಳಚಿದ ಕೇಬಲನ್ನು ಯಾರೋ ಒಳ್ಳೆಯ ಮನಸ್ಸಿನಿಂದ ಎರಡು ತುದಿಯನ್ನೂ ಗೋಡೆಗೇ ಸಿಕ್ಕಿಸಿರುತ್ತಾರೆ. ಡೇಟಾ ಅಲ್ಲಲ್ಲೇ ಸುತ್ತಿ ಸುತ್ತಿ, ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್ ಪೆಟ್ಟಿಗೆ ಉಸಿರುಗಟ್ಟುತ್ತದೆ. ಸ್ವಿಚ್‌ನಲ್ಲಿ ಇಂಥ ಸುತ್ತು ತಡೆಯುವ ಸ್ಪ್ಯಾನಿಂಗ್ ಟ್ರೀ ಚಾಲೂ ಇರಲಿ, ಕೋಣೆಗಳ ಪೋರ್ಟ್‌ಗಳಿಗೆ (ಕೇಬಲ್ ಸಿಕ್ಕಿಸುವ ಕಿಂಡಿಗಳಿಗೆ) ಬಿಪಿಡಿಯು ಗಾರ್ಡ್ ಎಂಬ ಕಾವಲು ಹಾಕಿ. ಆಗ ಆ ಪೋರ್ಟ್ ಮಾತ್ರ ಮುಚ್ಚಿಕೊಳ್ಳುತ್ತದೆ.

ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಮಾತ್ರ ಎಳೆಯಿರಿ. ತಾಮ್ರದ ಈಥರ್ನೆಟ್ ಕೇಬಲಿನ ಮಿತಿ 100 ಮೀಟರ್. ಅದಕ್ಕಿಂತ ಮುಖ್ಯ, ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತ ತಾಮ್ರದ ಮೂಲಕ ಎರಡೂ ಕಡೆಯ ಸ್ವಿಚ್ ಸುಡುತ್ತದೆ. 4 ಎಳೆ ಸಾಕಾದರೂ 12 ಎಳೆಯದ್ದು ಹಾಕಿ; ಕೂಲಿಯೇ ದುಬಾರಿ, ಎಳೆಯಲ್ಲ. ಹೋದ ದಾರಿಯ ನಕ್ಷೆ ಎಂಜಿನಿಯರಿಂಗ್ ವಿಭಾಗದವರ ಕೈಯಲ್ಲೂ ಇರಲಿ, ಜೆಸಿಬಿ ಕರೆಸುವವರು ಅವರೇ.

ಯುಪಿಎಸ್ ಪರೀಕ್ಷೆ ಮೂರು ತಿಂಗಳಿಗೊಮ್ಮೆ, ಭಾನುವಾರ. ಮೇನ್ಸ್ ಆರಿಸಿ, ಎಷ್ಟು ನಿಮಿಷ ನಿಂತಿತು ಎಂದು ಬರೆದಿಡಿ. ಸಾಲಾಗಿ ಜೋಡಿಸಿದ ಬ್ಯಾಟರಿಗಳಲ್ಲಿ ಒಂದು ಸತ್ತರೂ ಇಡೀ ಸಾಲು ಕೈಕೊಡುತ್ತದೆ.

ಕಡತಗಳ ಪ್ರತಿ ಮೂರು ಇರಲಿ, ಒಂದು ಇನ್ನೊಂದು ಆವರಣದಲ್ಲಿ. ಸದಾ ಸಿಕ್ಕಿಸಿಟ್ಟ ಹಾರ್ಡ್ ಡಿಸ್ಕನ್ನು ಬ್ಯಾಕಪ್ ಎಂದು ಲೆಕ್ಕ ಹಿಡಿಯಬೇಡಿ. ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದರೆ ಅದನ್ನೂ ಲಾಕ್ ಮಾಡುತ್ತದೆ. ತಿಂಗಳಿಗೊಂದು ಹಳೆಯ ಕಡತ ಹೊರತೆಗೆದು ತೆರೆಯುತ್ತದೆಯೇ ನೋಡಿ. ಹಳೆಯ ನುಡಿ ಫಾಂಟಿನವು ಸಿಕ್ಕರೆ ಆಗಲೇ ಯೂನಿಕೋಡ್‌ಗೆ ಬದಲಿಸಿ, ಇಲ್ಲದಿದ್ದರೆ ಪೋರ್ಟಲ್‌ಗೆ ಹಾಕಿದಾಗ ವಿದ್ಯಾರ್ಥಿಯ ಹೆಸರು ಚಿಹ್ನೆಗಳ ರಾಶಿಯಾಗುತ್ತದೆ.

ಅಡ್ಮಿನ್ ಪಾಸ್‌ವರ್ಡ್‌ಗಳು ಮುಚ್ಚಿದ ಲಕೋಟೆಯಲ್ಲಿ ಕುಲಸಚಿವರ ಬೀರುವಿನಲ್ಲಿರಲಿ. ಗುತ್ತಿಗೆ ನೌಕರ ಬಿಟ್ಟುಹೋದ ದಿನವೇ ಎಲ್ಲವನ್ನೂ ಬದಲಿಸಿ, ಹೊಸ ಲಕೋಟೆ ಇಡಿ.