ಕೂಪರ್ಟಿನೋ ಕಡೆ ಮನೆ ಹುಡುಕುವ ಮೊದಲು: ನಮ್ಮ ಐದು ಹೈಸ್ಕೂಲುಗಳ ವಿಚಾರ

ಇಲ್ಲಿ ಕ್ಯಾಲಿಫೋರ್ನಿಯಾದ ಕೂಪರ್ಟಿನೋ ಕಡೆ ಯುಗಾದಿ ಊಟದ ಸಾಲಲ್ಲಿ ನಿಂತಾಗ ಹೊಸದಾಗಿ ಬಂದವರು ಹೆಸರು, ಊರು ಹೇಳಿದ ಮೇಲೆ ಕೇಳುವುದು ಒಂದೇ. "ಸರ್, ಯಾವ ಸ್ಕೂಲು ಒಳ್ಳೇದು?" ಕೋಸಂಬರಿ ಬಡಿಸಿಕೊಳ್ಳುವಷ್ಟರಲ್ಲಿ ಇದಕ್ಕೆ ಉತ್ತರ ಹೇಳೋಕಾಗಲ್ಲ. ಅದಕ್ಕೇ ಕೂತು ಬರೆದಿದ್ದೇನೆ.

ಮೊದಲು ಹೆಸರಿನ ಗೊಂದಲ ಮುಗಿಸೋಣ. ಈ ಕಡೆಯ ಸರ್ಕಾರಿ ಹೈಸ್ಕೂಲುಗಳನ್ನು ನಡೆಸುವ ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್ ಇರುವುದು ಫ್ರೀಮಾಂಟ್ ಊರಲ್ಲಲ್ಲ! ಆ ಊರು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಆಚೆ ದಡದಲ್ಲಿದೆ, ಅಲ್ಲಿಯದು ಫ್ರೀಮಾಂಟ್ ಯೂನಿಫೈಡ್. ನಮ್ಮದು ಸನಿವೇಲ್, ಕೂಪರ್ಟಿನೋ, ಪಶ್ಚಿಮ ಸ್ಯಾನ್ ಹೋಸೆ ಸೀಮೆ. ಇಲ್ಲಿ ಐದು ಹೈಸ್ಕೂಲುಗಳಿವೆ: ಮಾಂಟಾ ವಿಸ್ಟಾ, ಲಿನ್‌ಬ್ರೂಕ್, ಕೂಪರ್ಟಿನೋ, ಹೋಮ್‌ಸ್ಟೆಡ್, ಫ್ರೀಮಾಂಟ್. 9ರಿಂದ 12ನೇ ಕ್ಲಾಸು ಮಾತ್ರ. ಎಂಟರವರೆಗೆ ಕೂಪರ್ಟಿನೋ ಯೂನಿಯನ್ ಅಥವಾ ಸನಿವೇಲ್ ಅನ್ನುವ ಬೇರೆ ಡಿಸ್ಟ್ರಿಕ್ಟು. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಎರಡು ಆಫೀಸು, ಎರಡು ರಜಾ ಪಟ್ಟಿ.

ಯಾವ ಸ್ಕೂಲು ಅನ್ನುವುದನ್ನು ತೀರ್ಮಾನಿಸುವುದು ನಿಮ್ಮ ಮನೆಯ ಅಡ್ರೆಸ್ಸು, ಊರಿನ ಹೆಸರಲ್ಲ. ಕೂಪರ್ಟಿನೋದಲ್ಲಿ ಮನೆ ಮಾಡಿದವರೆಲ್ಲ ಕೂಪರ್ಟಿನೋ ಹೈಗೆ ಹೋಗುವುದಿಲ್ಲ. ಲಿನ್‌ಬ್ರೂಕ್ ಇರುವುದೇ ಸ್ಯಾನ್ ಹೋಸೆಯಲ್ಲಿ. ಸನಿವೇಲಿನ ಒಂದು ಭಾಗ ನಮ್ಮ ಡಿಸ್ಟ್ರಿಕ್ಟೇ ಅಲ್ಲ, ಸ್ಯಾಂಟಾ ಕ್ಲಾರಾ ಯೂನಿಫೈಡ್‌ಗೆ ಸೇರುತ್ತದೆ. ನಾನೂ ಇಲ್ಲೇ ಎಡವಿದವನು. ಬಾಡಿಗೆ ಮನೆ ತೋರಿಸಿದ ಏಜೆಂಟ್ "ಇದು ಮಾಂಟಾ ವಿಸ್ಟಾನೇ" ಅಂದ, ನಾನು ಅಡ್ವಾನ್ಸ್ ಕೊಟ್ಟೆ. ಆಮೇಲೆ ಡಿಸ್ಟ್ರಿಕ್ಟ್ ವೆಬ್‌ಸೈಟಿನಲ್ಲಿ ಅಡ್ರೆಸ್ ಹಾಕಿದರೆ ಹೋಮ್‌ಸ್ಟೆಡ್ ಅಂತ ಬಂತು. ಹೆಂಡತಿ ಎರಡು ದಿನ ಮಾತಾಡಲಿಲ್ಲ. ಕೊನೆಗೆ ಮಗಳು ಅದೇ ಹೋಮ್‌ಸ್ಟೆಡ್‌ನ ಮಾರ್ಚಿಂಗ್ ಬ್ಯಾಂಡ್ ಸೇರಿಕೊಂಡು, ನಾಲ್ಕು ವರ್ಷ ಮನೆಯಲ್ಲಿ ಕಾಲು ನಿಲ್ಲಿಸಲಿಲ್ಲ, ಅದು ಬೇರೆ ಮಾತು. (ಆ್ಯಪಲ್‌ನ ಸ್ಟೀವ್ ಜಾಬ್ಸ್, ವೋಜ್ನಿಯಾಕ್ ಇಬ್ಬರೂ ಓದಿದ ಸ್ಕೂಲು ಅಂತ ನಾನೇ ಹೆಂಡತಿಗೆ ಸಮಾಧಾನ ಹೇಳಿದ್ದೆ.) ನೀವು ಮಾತ್ರ ಸಹಿ ಹಾಕುವ ಮುಂಚೆ ಅಡ್ರೆಸ್ ಹಾಕಿ ನೋಡಿ.

ಗೆಳೆಯರ ಅಡ್ರೆಸ್ ಕೊಟ್ಟು ಸೇರಿಸುವ ಉಪಾಯ ಬೇಡವೇ ಬೇಡ. ನಮ್ಮ ಡಿಸ್ಟ್ರಿಕ್ಟಿಗೆ ಹಣ ಬರುವುದು ಮುಖ್ಯವಾಗಿ ಇಲ್ಲಿನ ಆಸ್ತಿ ತೆರಿಗೆಯಿಂದ, ಮಕ್ಕಳ ತಲೆ ಎಣಿಸಿ ಅಲ್ಲ. ಹೊರಗಿನವರು ಬಂದರೆ ಅವರಿಗೆ ಖರ್ಚು ಮಾತ್ರ. ಹಾಗಾಗಿ ಬಾಡಿಗೆ ಕರಾರು, ಕರೆಂಟ್ ಬಿಲ್ ಎಲ್ಲ ಕೇಳುತ್ತಾರೆ. ಮನೆಗೇ ಬಂದು ನೋಡುವುದೂ ಉಂಟು.

ಈಗ ಅಸಲು ವಿಷಯ. ವೆಬ್‌ಸೈಟುಗಳು ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತವೆ, ಅಲ್ವಾ? ಅದರಲ್ಲಿ ಲಿನ್‌ಬ್ರೂಕ್, ಮಾಂಟಾ ವಿಸ್ಟಾ ಮೇಲೆ, ಫ್ರೀಮಾಂಟ್ ಹೈ ಕೆಳಗೆ. ಆ ಅಂಕದಲ್ಲಿ ಪರೀಕ್ಷೆಯ ಮಾರ್ಕ್ಸಿನ ಪಾಲು ದೊಡ್ಡದು. ಫ್ರೀಮಾಂಟ್ ಹೈಗೆ ಬಡ ಮನೆಗಳ ಮಕ್ಕಳು, ಈಗಷ್ಟೇ ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು ಜಾಸ್ತಿ ಬರುತ್ತಾರೆ. ಹಾಗಾಗಿ ಆ ಅಂಕ ನೋಡಿದರೆ ಪಾಠ ಹೇಗೆ ನಡೆಯುತ್ತದೆ ಅನ್ನುವುದಕ್ಕಿಂತ ಮಕ್ಕಳು ಎಂಥ ಮನೆಗಳಿಂದ ಬರುತ್ತಾರೆ ಅನ್ನುವುದೇ ಹೆಚ್ಚು ಗೊತ್ತಾಗುತ್ತದೆ. ಐದೂ ಕಡೆ ಡಿಸ್ಟ್ರಿಕ್ಟ್ ಒಂದೇ, ಟೀಚರುಗಳ ಸಂಬಳದ ಶ್ರೇಣಿ ಒಂದೇ. ಎಪಿ ಅನ್ನುವ ಕಾಲೇಜು ಮಟ್ಟದ ಕ್ಲಾಸುಗಳು ಎಲ್ಲ ಕಡೆಯೂ ಇವೆ. ಬಾಡಿಗೆ ಮಾತ್ರ ಒಂದಲ್ಲ!

ಇನ್ನೊಂದು ಲೆಕ್ಕ ಹೇಳುತ್ತೇನೆ, ಇದನ್ನು ಬಹಳ ಜನ ನೋಡುವುದೇ ಇಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದವರು ಪ್ರತಿ ಸ್ಕೂಲಿನ ಮೇಲಿನ 9 ಶೇಕಡಾ ಮಕ್ಕಳನ್ನು ಬೇರೆಯಾಗಿ ಗುರುತಿಸುತ್ತಾರೆ. ಅರ್ಜಿ ಹಾಕಿದ ಯಾವ ಕ್ಯಾಂಪಸ್ಸಿನಲ್ಲೂ ಸಿಗದಿದ್ದರೂ, ಜಾಗ ಇರುವ ಯಾವುದಾದರೂ ಕ್ಯಾಂಪಸ್ಸಿನಲ್ಲಿ ಅವರಿಗೆ ಸೀಟು. ಎಲ್ಲರೂ ಬಯಸುವ ಬರ್ಕ್ಲಿ ಕ್ಯಾಂಪಸ್ಸೇ ಸಿಗುತ್ತದೆ ಅಂದುಕೊಳ್ಳಬೇಡಿ ಮತ್ತೆ. ಲಿನ್‌ಬ್ರೂಕ್‌ನಲ್ಲಿ ಆ ಸಾಲಿಗೆ ಬರುವುದಕ್ಕೆ ಮಗು ಎಷ್ಟು ಓಡಬೇಕು, ಯೋಚಿಸಿ. ಎಪಿ, ಆನರ್ಸ್ ಕ್ಲಾಸಿಗೆ ಸಿಗುವ ಹೆಚ್ಚುವರಿ ಅಂಕವನ್ನೂ ಅವರು ಎಂಟು ಸೆಮಿಸ್ಟರಿಗೆ ನಿಲ್ಲಿಸುತ್ತಾರೆ. ಎಸ್‌ಎಟಿ ಅನ್ನುವ ಪ್ರವೇಶ ಪರೀಕ್ಷೆಯ ಅಂಕ ನೋಡುವುದೇ ಇಲ್ಲ. ಹನ್ನೆರಡು ಎಪಿ ಹೇರಿದರೆ ಹನ್ನೆರಡು ಪಟ್ಟು ಲಾಭ ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ.

ಹಾಗಂತ ಮಾಂಟಾ ವಿಸ್ಟಾ ಬೇಡ ಅನ್ನುತ್ತಿಲ್ಲ. ಓದುವ ಹುಚ್ಚಿರುವ, ತನ್ನಂಥವರೇ ಸುತ್ತ ಬೇಕು ಅನ್ನುವ ಮಗುವಿಗೆ ಅದು ಹಬ್ಬ. ನಮ್ಮ ಕಿರಿಯವನು ಅಲ್ಲಿ ಓದಿದ, ಅಷ್ಟರಲ್ಲಿ ನಾವು ಮನೆ ಬದಲಾಯಿಸಿದ್ದೆವು. ಒಂದು ದಿನ ಬೆಳಿಗ್ಗೆ ಎಂಟಕ್ಕೆ ಮೆಕ್ಲೆಲನ್ ರಸ್ತೆಯಲ್ಲಿ ಸುಮ್ನೆ ನಿಂತು ನೋಡಿ. ಲಿಂಕನ್ ಪ್ರೈಮರಿ, ಕೆನಡಿ ಮಿಡ್ಲ್ ಸ್ಕೂಲ್, ಮಾಂಟಾ ವಿಸ್ಟಾ ಮೂರೂ ಅಕ್ಕಪಕ್ಕ. ಕಾರುಗಳು ಕದಲುವುದಿಲ್ಲ. ಬೆನ್ನಿಗೆ ಚೆಲ್ಲೋ ಹೊತ್ತ ಹುಡುಗಿ ಆ ಕಾರುಗಳನ್ನೆಲ್ಲ ದಾಟಿ ನಡೆದುಕೊಂಡೇ ಮುಂದೆ ಹೋಗುತ್ತಾಳೆ. ಗೇಟಿನ ಹತ್ತಿರ ಇನ್ನೊಬ್ಬ ಬಾಳೆಹಣ್ಣು ತಿನ್ನುತ್ತಾ ಫ್ಲ್ಯಾಶ್‌ಕಾರ್ಡ್ ಉರುಹೊಡೆಯುತ್ತಿರುತ್ತಾನೆ. ನಿಮ್ಮ ಮಗು ಆ ಜಾಗದಲ್ಲಿ ನಗುತ್ತಾ ಇರುತ್ತಾ, ಬಾಡಿ ಹೋಗುತ್ತಾ? ಅದು ನಿಮಗೇ ಗೊತ್ತು.

ಸ್ಕೂಲಿನ ಒಳಗಿನ ಸುದ್ದಿ ಬೇಕಾದರೆ ಮಕ್ಕಳೇ ನಡೆಸುವ ಪತ್ರಿಕೆ ಓದಿ. ಮಾಂಟಾ ವಿಸ್ಟಾದ 'ಎಲ್ ಎಸ್ಟೋಕೆ', ಲಿನ್‌ಬ್ರೂಕ್‌ನ 'ದಿ ಎಪಿಕ್', ಹೋಮ್‌ಸ್ಟೆಡ್‌ನ 'ದಿ ಎಪಿಟಾಫ್' ಎಲ್ಲ ನೆಟ್ಟಿನಲ್ಲೇ ಸಿಗುತ್ತವೆ. ನಮ್ಮಂಥ ಅಪ್ಪ ಅಮ್ಮಂದಿರ ವಾಟ್ಸಾಪ್ ಗುಂಪಿಗಿಂತ ಆ ಮಕ್ಕಳ ಬರಹವೇ ನಂಬಿಕೆಗೆ ವಾಸಿ.

ಎಸ್‌ಎಸ್‌ಎಲ್‌ಸಿ ಮುಗಿಸಿ ಬರುವವರಿಗೆ ಒಂದು ಮಾತು. ಮಗು ಸಾಮಾನ್ಯವಾಗಿ 11ನೇ ಕ್ಲಾಸಿಗೆ ಸೇರುತ್ತದೆ. ಎರಡೇ ವರ್ಷದಲ್ಲಿ ಅಮೆರಿಕದ ಇತಿಹಾಸ, ಸರ್ಕಾರ, ಅರ್ಥಶಾಸ್ತ್ರ ಮುಗಿಸಬೇಕು, ಪಿಇ (ವ್ಯಾಯಾಮದ ಕ್ಲಾಸು) ಕೂಡ ಬಿಡಲ್ಲ. ಹಳೆ ಮಾರ್ಕ್ಸ್‌ಕಾರ್ಡುಗಳನ್ನು ಹಿಡಿದುಕೊಂಡು ಮೊದಲ ದಿನವೇ ಕೌನ್ಸೆಲರ್ ಹತ್ತಿರ ಕೂತುಕೊಳ್ಳಿ. ಅರ್ಜಿಯಲ್ಲಿ ಮನೆಭಾಷೆ ಯಾವುದು ಅಂತ ಕೇಳುತ್ತಾರೆ. "ಕನ್ನಡ ಅಂತ ಬರೆದರೆ ಇಂಗ್ಲಿಷ್ ಟೆಸ್ಟ್ ಕೊಡ್ತಾರೆ, ಇಂಗ್ಲಿಷ್ ಅಂತಲೇ ಬರೀರಿ" ಅನ್ನುವವರು ಸಿಗುತ್ತಾರೆ. ಟೆಸ್ಟ್ ಕೊಡುವುದು ನಿಜ. ಕೊಡಲಿ ಬಿಡಿ, ಇಂಗ್ಲಿಷ್ ಬರುವ ಮಗು ಪಾಸಾಗುತ್ತದೆ. ನಾವು ಕನ್ನಡ ಅಂತಲೇ ಬರೆದೆವು.

ಕೊನೆಗೆ ಲಸಿಕೆ. ಚಿಕನ್‌ಪಾಕ್ಸ್ ಎರಡು ಡೋಸ್ ಇಲ್ಲಿ ಕೇಳುತ್ತಾರೆ, ನಮ್ಮ ಊರಿನ ಸರ್ಕಾರಿ ಪಟ್ಟಿಯಲ್ಲಿ ಅದು ಇಲ್ಲ. ಎರಡರ ನಡುವೆ ವಾರಗಟ್ಟಲೆ ಅಂತರ ಬೇಕು. ಟಿಕೆಟ್ ಬುಕ್ ಮಾಡಿದ ದಿನವೇ ಡಾಕ್ಟರ್ ಹತ್ತಿರ ಹೋಗಿ, ತಾರೀಖು ಬರೆಸಿ, ಸೀಲು ಹಾಕಿಸಿ, ಆ ಕಾರ್ಡನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ. ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ.