‘ಕೆಲಸ ಇದೆಯೇ?’ ಎಂದು ಕೇಳಬಾರದು

ಉದ್ಯೋಗ ಸಮೀಕ್ಷೆಗೆಂದು ಮನೆಮನೆ ಸುತ್ತುತ್ತಿದ್ದ ನಾನು ಮೊದಲ ತಪ್ಪು ಮಾಡಿದ್ದು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಅಡಿಕೆ ಸುಲಿತದ ಕಾಲದಲ್ಲಿ. ಯಜಮಾನರು ಜಗುಲಿಯ ಮೇಲೆ ಕೂತು ಮನೆಮಂದಿಯ ಪರವಾಗಿ ಉತ್ತರ ಕೊಡುತ್ತಿದ್ದರು. ತಮ್ಮದು ತೋಟ, ಮಗನಿಗೆ ಬೆಂಗಳೂರಿನಲ್ಲಿ ಕೆಲಸ. ಹೆಂಡತಿ? ‘ಅವಳಿಗೆ ಕೆಲಸ ಏನಿಲ್ಲ, ಮನೆಯಲ್ಲೇ ಇರುತ್ತಾಳೆ.’ ನಾನು ಟ್ಯಾಬ್ಲೆಟ್ಟಿನಲ್ಲಿ 92 ಒತ್ತಿದೆ. ನಮೂನೆಯ ಸಂಕೇತದಲ್ಲಿ ಅದು ಮನೆಗೆಲಸ ಮಾತ್ರ. ಆ ಹೊತ್ತಿನಲ್ಲಿ ಆಕೆ ಹಿಂದಿನ ಚಡಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತಿದ್ದರು. ಸುಲಿದ ಅಡಿಕೆ ಡಬ್ಬಿಗೆ ಬೀಳುವ ಸದ್ದು ನನಗೆ ಚೆನ್ನಾಗಿಯೇ ಕೇಳುತ್ತಿತ್ತು. ಕೇಳಿಯೂ ಒತ್ತಿದೆ.

ಎರಡು ದಿನದಲ್ಲಿ ಆ ನಮೂನೆ ಮರಳಿ ಬಂತು. ಮೇಲ್ವಿಚಾರಕರು ಒಂದೇ ಪ್ರಶ್ನೆ ಹಾಕಿದ್ದರು: ‘ತೋಟ ಎರಡು ಎಕರೆ, ಕೂಲಿಯಾಳು ಇಲ್ಲ ಎಂದು ಬರೆದಿದ್ದೀರಿ. ಹಾಗಾದರೆ ಅಡಿಕೆ ಸುಲಿದವರು ಯಾರು?’ ಮತ್ತೆ ಹೋಗಿ ಆಕೆಯನ್ನೇ ಕೇಳಿದೆ. ನವೆಂಬರಿನಿಂದ ಜನವರಿಯವರೆಗೆ ದಿನಾ ಸುಲಿತ, ಬೇಯಿಸುವುದು, ಒಣಗಿಸುವುದು. ವರ್ಷದ ಹೆಚ್ಚು ಕಾಲ ಮನೆಗೆಲಸವೇ ಆದರೂ ಬೇರೆ ದುಡಿಮೆ ಮೂವತ್ತು ದಿನ ಮುಟ್ಟಿದರೆ ಅದನ್ನು ಉಪ ಚಟುವಟಿಕೆಯೆಂದು ದಾಖಲಿಸಬೇಕು. ಆಕೆಯ ಮುಂದೆ 21 ಬಂತು: ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ದುಡಿಯುವವರು. ‘ನಾನು ಕೆಲಸದವಳು ಎಂದು ಬರೆದುಕೊಂಡಿರಾ ಮಾರಾಯರೇ?’ ಎಂದು ಆಕೆ ನಕ್ಕರು. ಆ ನಗುವಿನಲ್ಲಿ ಸ್ವಲ್ಪ ಕಸಿವಿಸಿಯೂ ಇತ್ತು. ಅವರ ಕಡೆ ಕೆಲಸದವಳು ಎಂದರೆ ಇನ್ನೊಬ್ಬರ ಮನೆಯಲ್ಲಿ ಮುಸುರೆ ತಿಕ್ಕುವವಳು.

ನಾನು 2021ರಿಂದ ಮೂರು ವರ್ಷ ಗುತ್ತಿಗೆಯ ಮೇಲೆ ಸಮೀಕ್ಷಕನಾಗಿದ್ದೆ. ನಿಯತಕಾಲಿಕ ಶ್ರಮಶಕ್ತಿ ಸಮೀಕ್ಷೆ, ನಮ್ಮ ಬಾಯಲ್ಲಿ ಪಿಎಲ್‌ಎಫ್‌ಎಸ್. ಅದಕ್ಕೂ ಮೊದಲು ಸುಮಾರು ಐದು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಉದ್ಯೋಗ ಸಮೀಕ್ಷೆಯ ಜಾಗದಲ್ಲಿ 2017ರ ಏಪ್ರಿಲ್‌ನಲ್ಲಿ ಶುರುವಾದದ್ದು ಇದು. ದೇಶದಲ್ಲಿ ಶೇಕಡಾ ಇಷ್ಟು ನಿರುದ್ಯೋಗ ಎಂದು ಪತ್ರಿಕೆಯಲ್ಲಿ ಬರುವ ಅಂಕಿ ಇದರದು. ಆಗ ಹಳ್ಳಿಗೆ ಹೋದರೆ ಮೊದಲು ಮನೆಮನೆ ಪಟ್ಟಿ ಮಾಡಬೇಕಿತ್ತು. ಪ್ರತಿ ಮನೆಯಲ್ಲೂ ಎಸ್ಸೆಸ್ಸೆಲ್ಸಿ ಮುಗಿಸಿದವರು ಎಷ್ಟು ಜನ ಎಂದು ಕೇಳಿ ಅದರ ಮೇಲೆ ಮನೆಗಳನ್ನು ಗುಂಪು ಮಾಡಿ, ಒಟ್ಟು ಎಂಟು ಮನೆ ಆರಿಸುತ್ತಿದ್ದೆವು. ಪಕ್ಕದ ಮನೆಯವರು ‘ನಮ್ಮನ್ನು ಯಾಕೆ ಬಿಟ್ಟಿರಿ?’ ಎಂದು ಮುನಿಸಿಕೊಂಡರೆ, ಆಯ್ಕೆಯಾದ ಮನೆಯವರು ‘ನಮ್ಮನ್ನೇ ಯಾಕೆ ಹಿಡಿದಿರಿ?’ ಎಂದು ಮುನಿಸಿಕೊಳ್ಳುತ್ತಿದ್ದರು.

ಮನೆಬಾಗಿಲಿಗೆ ಒಯ್ಯುತ್ತಿದ್ದ ನಮೂನೆ ಇಂಗ್ಲಿಷಿನದು, ಕೇಳುವ ಕನ್ನಡ ನಮ್ಮದು. ನಾನು ಎಡವಿದ್ದು ಅಲ್ಲಿಯೇ. ಕನ್ನಡದಲ್ಲಿ ‘ಕೆಲಸ’ ಎಂಬ ಮಾತು ಒಂದಲ್ಲ. ‘ಕೆಲಸಕ್ಕೆ ಹೋಗುತ್ತಾನೆ’ ಎಂದರೆ ಕೂಲಿ. ‘ಕೆಲಸದಲ್ಲಿದ್ದಾನೆ’ ಎಂದರೆ ಸಂಬಳದ ನೌಕರಿ, ಅದೂ ಸರ್ಕಾರದ್ದಾದರೆ ಸರಿ. ‘ಕೈತುಂಬ ಕೆಲಸ’ ಎಂದರೆ ಹೆಂಗಸರ ದಿನಚರಿ. ಬಿ.ಎ. ಮುಗಿಸಿ ನಾಲ್ಕು ವರ್ಷದಿಂದ ಅಪ್ಪನ ಜಮೀನಿನಲ್ಲಿ ಜೋಳ ಬೆಳೆಯುತ್ತಿರುವ ಹುಡುಗನನ್ನು ‘ಕೆಲಸ ಇದೆಯೇ?’ ಎಂದು ಕೇಳಿ ನೋಡಿ. ಇಲ್ಲ ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಆದರೆ ನಮೂನೆಯ ಪ್ರಕಾರ ಅವನು ಉದ್ಯೋಗಿ. ಆರು ತಿಂಗಳ ಮೇಲೆ ನಾನು ಆ ಪದವನ್ನೇ ಕೈಬಿಟ್ಟೆ. ನಿನ್ನೆ ಬೆಳಿಗ್ಗೆ ಎದ್ದು ಏನು ಮಾಡಿದಿರಿ, ತಿಂಡಿ ಆದ ಮೇಲೆ ಎಲ್ಲಿಗೆ ಹೋದಿರಿ, ಎಷ್ಟು ಹೊತ್ತಿಗೆ ಬಂದಿರಿ ಎಂದು ಕೇಳತೊಡಗಿದೆ.

ನಿನ್ನೆಯಿಂದ ಹಿಂದಕ್ಕೆ ಏಳು ದಿನ. ಹೀಗೆ ಹಿಂದೆ ಹೋಗುವಾಗ ವಾರದ ಹೆಸರುಗಳು ಯಾರಿಗೂ ನೆನಪಿರುವುದಿಲ್ಲ. ಸಂತೆಯ ದಿನ ನೆನಪಿರುತ್ತದೆ, ಹೆಂಗಸರಿಗೆ ಸಂಘದ ಕಂತು ಕಟ್ಟಿದ ದಿನ ಇನ್ನೂ ಗಟ್ಟಿಯಾಗಿ ನೆನಪಿರುತ್ತದೆ. ಆ ಎರಡು ಗೂಟ ನೆಟ್ಟು ಉಳಿದ ದಿನಗಳನ್ನು ಕಟ್ಟುತ್ತಿದ್ದೆ.

ಮೇ ತಿಂಗಳು, ಜಗಳೂರು ಕಡೆಯ ಒಂದು ಹಳ್ಳಿ, ಮಳೆ ಇನ್ನೂ ಬಂದಿರಲಿಲ್ಲ. ನಲವತ್ತರ ಆಸುಪಾಸಿನ ಒಬ್ಬ ಕೂಲಿಗಾರರ ಒಂದು ವಾರವನ್ನು ಇಲ್ಲಿ ಬಿಡಿಸಿಡುತ್ತೇನೆ. ಎರಡು ದಿನ ಮನೆಯೊಂದರ ಮೋಲ್ಡಿಂಗ್ ಕೆಲಸ, ದಿನಕ್ಕೆ ಎಂಟು ಗಂಟೆ. ಒಂದು ದಿನ ಮೂರು ಗಂಟೆ ಲಾರಿಗೆ ಮೆಕ್ಕೆಜೋಳದ ಚೀಲ ಹೇರಿದ್ದು, ಉಳಿದ ಹೊತ್ತು ಖಾಲಿ. ಮೂರು ದಿನ ಯಾರಾದರೂ ಕರೆಯುತ್ತಾರೇನೋ ಎಂದು ಅರಳಿಕಟ್ಟೆ ಕಾದದ್ದು. ಒಂದು ದಿನ ಅಕ್ಕನ ಊರಿನಲ್ಲಿ ತಿಥಿ.

ವಾರದ ಲೆಕ್ಕಕ್ಕೆ ಬಂದರೆ ಏಳು ದಿನದಲ್ಲಿ ಒಂದು ದಿನ, ಆ ದಿನದಲ್ಲಿ ಒಂದು ಗಂಟೆ ದುಡಿದಿದ್ದರೂ ಸಾಕು. ದುಡಿಮೆಗೆ ಮೊದಲ ಮಣೆ, ಹುಡುಕಾಟಕ್ಕೆ ಎರಡನೆಯದು, ಉಳಿದದ್ದಕ್ಕೆ ಕೊನೆಯದು. ಆದ್ದರಿಂದ ಅವರು ಉದ್ಯೋಗಿ. ದಿನದ ಲೆಕ್ಕ ಬೇರೆ ಮಾತನಾಡುತ್ತದೆ. ನಾಲ್ಕು ಗಂಟೆ ಮುಟ್ಟಿದರೆ ಪೂರ್ಣ ದಿನ, ಒಂದರಿಂದ ನಾಲ್ಕರೊಳಗಿದ್ದರೆ ಅರ್ಧ. ತಿಥಿಯ ದಿನ ಬಿಟ್ಟರೆ ಅವರು ದುಡಿಯಲು ಸಿದ್ಧರಿದ್ದದ್ದು ಆರು ದಿನ. ದುಡಿದದ್ದು ಎರಡೂವರೆ, ಕೆಲಸ ಸಿಗದೆ ಹೋದದ್ದು ಮೂರೂವರೆ. ಒಬ್ಬನೇ ಮನುಷ್ಯ, ಅದೇ ವಾರ. ಒಂದು ಅಳತೆಯಲ್ಲಿ ಅವರ ನಿರುದ್ಯೋಗ ಸೊನ್ನೆ, ಇನ್ನೊಂದರಲ್ಲಿ ಶೇಕಡಾ 58.

ವರ್ಷದ ಲೆಕ್ಕ ಮೂರನೆಯದು, ಸುದ್ದಿಯಲ್ಲಿ ಹೆಚ್ಚು ಓಡಾಡುವುದು ಅದೇ. ಏಳು ತಿಂಗಳು ಕೆಲಸ ಹುಡುಕಿ ಐದು ತಿಂಗಳು ದುಡಿದವನ ಮುಖ್ಯ ಸ್ಥಿತಿ ನಿರುದ್ಯೋಗವೇ. ಆದರೆ ಉಪ ಚಟುವಟಿಕೆಯನ್ನೂ ಸೇರಿಸಿ ಎಣಿಸಿದ ಕ್ಷಣ ಅವನು ಉದ್ಯೋಗಿಗಳ ಸಾಲಿಗೆ ದಾಟುತ್ತಾನೆ. ನಿರುದ್ಯೋಗ 2017-18ರಲ್ಲಿ ಶೇಕಡಾ 6.1 ಇದ್ದದ್ದು 2023-24ರಲ್ಲಿ 3.2ಕ್ಕೆ ಇಳಿಯಿತು ಎಂದು ಓದಿದಿರಲ್ಲ, ಅದು ಈ ಸೇರಿಸಿದ ಲೆಕ್ಕ. 2025ರಿಂದ ತಿಂಗಳ ಅಂಕಿ ಬರುತ್ತಿದೆ, ಅದು ವಾರದ ಲೆಕ್ಕ. ಮೊದಲ ಸಲ, ಅಂದರೆ ಏಪ್ರಿಲ್ 2025ಕ್ಕೆ, ಬಂದದ್ದು 5.1. ಎರಡನ್ನೂ ಪಕ್ಕಪಕ್ಕ ಇಟ್ಟು ‘ನಿರುದ್ಯೋಗ ಏರಿತು’ ಎಂದು ಒಬ್ಬ ಗೆಳೆಯ ನನಗೆ ಸಂದೇಶ ಕಳಿಸಿದ. ಸೇರಿನಲ್ಲಿ ಅಳೆದದ್ದನ್ನು ಪಾವಿನಲ್ಲಿ ಅಳೆದದ್ದರ ಜೊತೆ ಹೋಲಿಸಿದ್ದೀಯಲ್ಲೋ ಎಂದು ಉತ್ತರ ಕೊಟ್ಟೆ.

ಈ ಮೂರು ಅಳತೆಗಳ ಏರ್ಪಾಡು ಕಣ್ಣಿಗೆ ಮಣ್ಣೆರಚುವ ಉಪಾಯವೆಂದು ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಿರುದ್ಯೋಗದ ಅಂದಾಜುಗಳನ್ನು ಪರಿಶೀಲಿಸಲು ನೇಮಿಸಿದ್ದ ದಾಂತವಾಲಾ ಸಮಿತಿ 1970ರಲ್ಲೇ ಹೇಳಿತ್ತು: ಹೊಲ, ಅಂಗಡಿ, ಮಗ್ಗ ಎಲ್ಲವೂ ಮನೆಯೊಳಗೇ ಬೆರೆತಿರುವ ದೇಶದಲ್ಲಿ ನಿರುದ್ಯೋಗವನ್ನು ಒಂದೇ ಅಂಕಿಯಲ್ಲಿ ಹಿಡಿಯಲಾಗದು. ಅದರ ಫಲವಾಗಿ 1972-73ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 27ನೇ ಸುತ್ತಿನಿಂದ ಈ ಬಗೆಯ ಅಳತೆಗಳು ಬಂದವು. ತಪ್ಪು ಅಳತೆಯದಲ್ಲ, ಮೂರರಲ್ಲಿ ಒಂದನ್ನು ಮಾತ್ರ ಕಿತ್ತುಕೊಂಡು ಓಡುವವರದು.

ಎಲ್ಲಿ ಗೆರೆ ಎಳೆಯುತ್ತಾರೆ ಎಂಬುದು ಮಾತ್ರ ಕೆಲವೊಮ್ಮೆ ತಮಾಷೆಯಾಗಿ ಕಾಣುತ್ತದೆ. ಮನೆಗೆ ಬೇಕಾದಷ್ಟೇ ಹಾಲಿಗಾಗಿ ಹಸು ಸಾಕಿ ಕರೆದರೆ ದುಡಿಮೆ. ಅದೇ ಹಾಲಿಗೆ ಹೆಪ್ಪು ಹಾಕಿ, ಕಡೆದು, ಮನೆಗೆ ಬೆಣ್ಣೆ ತೆಗೆದರೆ ಅಲ್ಲ. ಗದ್ದೆಯಲ್ಲಿ ಭತ್ತ ಬೆಳೆದರೆ ದುಡಿಮೆ, ಊಟಕ್ಕೆ ಆ ಭತ್ತ ಕುಟ್ಟಿದರೆ ಅಲ್ಲ. ಸೌದೆ ಆರಿಸಿ ತಂದವರಿಗೆ 93, ಅವರು ಶ್ರಮಶಕ್ತಿಯ, ಅಂದರೆ ದುಡಿಯುವವರ ಮತ್ತು ದುಡಿಯಲು ಸಿದ್ಧರಿರುವವರ ಲೆಕ್ಕದ, ಹೊರಗೆ. 2013ರಲ್ಲಿ ಜಿನೀವಾದಲ್ಲಿ ಸೇರಿದ ಕಾರ್ಮಿಕ ಅಂಕಿಅಂಶ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ಇದಕ್ಕೂ ಕತ್ತರಿ ಹಾಕಿತು: ಮುಖ್ಯವಾಗಿ ಸ್ವಂತ ಬಳಕೆಗೆ ಬೆಳೆಯುವುದು ಕೆಲಸ ನಿಜ, ಉದ್ಯೋಗ ಅಲ್ಲ. ಕೂಲಿಗೋ ಲಾಭಕ್ಕೋ ಮಾಡಿದರೆ ಮಾತ್ರ ಉದ್ಯೋಗ. ನಾವು ಹಳೆಯ ಗೆರೆಯಲ್ಲೇ ಬರೆಯುತ್ತಿದ್ದೆವು.

ಹಳ್ಳಿಯ ಹೆಂಗಸರಲ್ಲಿ ಶ್ರಮಶಕ್ತಿಗೆ ಸೇರಿದವರ ಪಾಲು 2017-18ರಲ್ಲಿ ಶೇಕಡಾ 24.6 ಇದ್ದದ್ದು 2023-24ಕ್ಕೆ 47.6 ಆಯಿತು. ಇದರ ಬಗ್ಗೆ ದೊಡ್ಡ ಚರ್ಚೆಗಳಿವೆ. ಅಷ್ಟೂ ಏರಿಕೆಗೆ ಕಾರಣ ಇದೇ ಎನ್ನುವ ಅಧಿಕಾರ ನನಗಿಲ್ಲ. ನಾನು ಬಲ್ಲದ್ದು ಇಷ್ಟು: ನನ್ನ ಕೈಯಲ್ಲೇ ಹಲವು 92ಗಳು 21 ಆದವು, ಆ ಮನೆಗಳಲ್ಲಿ ಬೇರೇನೂ ಬದಲಾಗಿರಲಿಲ್ಲ.

ಅರೆ ಉದ್ಯೋಗಕ್ಕೆಂದು ನಮೂನೆಯಲ್ಲಿ ಒಂದು ಕಲಂ ಇದೆ. ಪ್ರತಿದಿನ ಎಷ್ಟು ಗಂಟೆ ದುಡಿದಿರಿ, ಇನ್ನೆಷ್ಟು ಗಂಟೆ ದುಡಿಯಲು ಸಿದ್ಧರಿದ್ದಿರಿ? ಜಗಳೂರಿನ ಕೂಲಿಗಾರರ ವಾರದ ನಿಜವಾದ ಕಥೆ ಇರುವುದು ಈ ಕಲಮಿನಲ್ಲಿ. ಯಾರೂ ಓದದ ಕಲಂ ಕೂಡ ಇದೇ. ಕೇಳುವುದು ಕಷ್ಟ. ‘ಇನ್ನೂ ನಾಲ್ಕು ಗಂಟೆ ಕೆಲಸ ಸಿಕ್ಕರೆ ಮಾಡುತ್ತೀರಾ ಅಮ್ಮಾ?’ ಎಂದರೆ ‘ಎಲ್ಲಿ? ನೀವು ಕೊಡಿಸುತ್ತೀರಾ?’ ಎಂದು ಮುಖ ಅರಳುತ್ತದೆ. ಅದು ಬರಿಯ ಪ್ರಶ್ನೆ ಎಂದು ಗೊತ್ತಾದಾಗ ಆ ಮುಖ ಇಳಿಯುವುದನ್ನು ನೋಡಬೇಕು. ಬೀಡಿ ಕಟ್ಟುವ ಒಬ್ಬರು ದಿನಕ್ಕೆ ಹತ್ತು ಗಂಟೆ ಕೂತೂ ‘ಇನ್ನೂ ಮಾಡುತ್ತೇನೆ’ ಎಂದರು. ಗಂಟೆ ಕಡಿಮೆಯಾಗಿ ಅಲ್ಲ, ಕಾಸು ಕಡಿಮೆಯಾಗಿ. ಗಂಟೆಯನ್ನೇ ಅಳತೆಗೋಲು ಮಾಡಿಕೊಂಡ ವ್ಯಾಖ್ಯೆಯಲ್ಲಿ ಅವರಿಗೆ ಜಾಗವಿಲ್ಲ. ಇಂಜಿನಿಯರಿಂಗ್ ಓದಿ ಮೊಬೈಲ್ ರಿಪೇರಿ ಮಾಡುವವನಿಗೂ ಇಲ್ಲ. ಅವನ ಓದು ಒಂದು ಕಡೆ, ವೃತ್ತಿಯ ಸಂಕೇತ ಇನ್ನೊಂದು ಕಡೆ ದಾಖಲಾಗುತ್ತವೆ. ಎರಡನ್ನೂ ಜೋಡಿಸಿ ನೋಡುವವರು ಸಿಗುವವರೆಗೆ ಅವನು ವಾರಕ್ಕೆ ಅರವತ್ತು ಗಂಟೆ ದುಡಿಯುವ ಪರಿಪೂರ್ಣ ಉದ್ಯೋಗಿ.

2023ರ ಕೊನೆಯ ಹೊತ್ತಿಗೆ ಇನ್ನೊಂದು ತೊಡಕು ಶುರುವಾಯಿತು. ಮೊದಲೂ ‘ರೇಷನ್ ಕಾರ್ಡ್ ಹೋಗುತ್ತದೆಯೇ?’ ಎಂಬ ಭಯ ಇತ್ತು. ರಾಜ್ಯದಲ್ಲಿ ನಿರುದ್ಯೋಗ ಭತ್ಯೆಯಾಗಿ ಯುವನಿಧಿ ಬಂದ ಮೇಲೆ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ. ಅದಕ್ಕೆ ಅದರದೇ ಷರತ್ತುಗಳು, ಅದರದೇ ನಿರುದ್ಯೋಗಿ. ಆಗಷ್ಟೇ ಟ್ರ್ಯಾಕ್ಟರಿನಿಂದ ಇಳಿದ ಹುಡುಗ ಕೈ ಒರೆಸಿಕೊಳ್ಳುತ್ತಾ ‘ಏನೂ ಮಾಡುತ್ತಿಲ್ಲ ಸಾರ್’ ಎನ್ನುತ್ತಿದ್ದ. ನಮ್ಮ ಸಮೀಕ್ಷೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಎಷ್ಟು ಹೇಳಿದರೂ ಅವನ ಕಣ್ಣು ನನ್ನ ಟ್ಯಾಬ್ಲೆಟ್ಟಿನ ಮೇಲೆಯೇ.

ನಾನಿದ್ದಾಗ ಹಳ್ಳಿಯ ಮನೆಗೆ ಒಂದೇ ಭೇಟಿ. ಪಟ್ಟಣದಲ್ಲಿ ಒಂದೇ ಮನೆಗೆ ಮೂರು ತಿಂಗಳಿಗೊಮ್ಮೆ, ಒಟ್ಟು ನಾಲ್ಕು ಸಲ. ದಾವಣಗೆರೆಯಲ್ಲಿ ಒಂದು ಮನೆ ಇತ್ತು. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ, ಮಗ ಬಿ.ಕಾಂ. ಮೊದಲ ಸಲ ಹೋದಾಗ ಅವನು ಸಂದರ್ಶನಗಳಿಗೆ ಓಡಾಡುತ್ತಿದ್ದ. 81, ನಿರುದ್ಯೋಗಿ. ಎರಡನೇ ಸಲ ಸಂಜೆ ಹೊತ್ತು ಬೈಕಿನಲ್ಲಿ ಊಟ ತಲುಪಿಸುತ್ತಿದ್ದ. 11, ಸ್ವಂತ ಉದ್ಯೋಗ. ಹೋಟೆಲಿನ ಮುಂದೆ ಆರ್ಡರಿಗಾಗಿ ಕಾದ ಹೊತ್ತನ್ನೂ ದುಡಿಮೆಯ ಗಂಟೆಗೆ ಸೇರಿಸಿದೆ. ಮೂರನೇ ಸಲ ಅದನ್ನು ಬಿಟ್ಟು ಗ್ರಂಥಾಲಯದಲ್ಲಿ ಪಿಡಿಒ ಪರೀಕ್ಷೆಗೆ ಓದುತ್ತಿದ್ದ. ಅಧಿಸೂಚನೆ ಬಂದಿರಲಿಲ್ಲ, ಆದ್ದರಿಂದ ಅರ್ಜಿಯೂ ಇಲ್ಲ. ಬೇರೆ ಕೆಲಸ ಸಿಕ್ಕರೆ ಹೋಗುತ್ತೀಯಾ ಎಂದೆ. ಇಲ್ಲ ಎಂದ. ಶ್ರಮಶಕ್ತಿಯ ಹೊರಗೆ ಹಾಕಿದೆ. ಸರಿ ಮಾಡಿದೆನೋ ಇಲ್ಲವೋ ಎಂಬ ಅನುಮಾನ ಇಂದಿಗೂ ಇದೆ.

ನಾಲ್ಕನೇ ಸಲ ಅವನೂ ತಾಯಿಯೂ ಇಬ್ಬರೇ ಇದ್ದರು. ಏಳು ದಿನವನ್ನು ಹಿಂದಕ್ಕೆ ಎಣಿಸುತ್ತಾ ಬಂದೆವು. ಆರು ದಿನ ಗ್ರಂಥಾಲಯ. ಭಾನುವಾರ ಮಾತ್ರ ಕಲ್ಯಾಣ ಮಂಟಪವೊಂದರಲ್ಲಿ ಮದುವೆ ಊಟ ಬಡಿಸಲು ಹೋಗಿದ್ದ, ಐದು ಗಂಟೆ, ಕೈಗೆ ಐನೂರು ರೂಪಾಯಿ. 51 ಒತ್ತಿದೆ, ದಿನಗೂಲಿ. ತಾಯಿ ಬಾಗಿ ನೋಡಿ ‘ಏನೆಂದು ಬಂತು ಸಾರ್?’ ಎಂದರು. ಈ ವಾರ ಉದ್ಯೋಗಿ ಎಂದು ಬಂದಿದೆ ಎಂದೆ. ಅವರು ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. ‘ಹೌದೇನೋ? ಯಾವ ಆಫೀಸಿನಲ್ಲಿ?’ ಎಂದು ಮಗನನ್ನು ಕೇಳಿದರು.